ಎಂಟನೇ ತಿಂಗಳಲ್ಲಿ ಕಾಣೆಯಾದವರು

ಆ ಬೆಳಿಗ್ಗೆ ಹರದನಹಳ್ಳಿಯಲ್ಲಿ ನಾವು ಹೋದ ಕೊನೆಯ ಮನೆಯಲ್ಲೂ ಬಸುರಿ ಇರಲಿಲ್ಲ. ಅತ್ತೆ ಇದ್ದರು, ಮಾವ ಇದ್ದರು, ಗೇಟಿನ ಹತ್ತಿರ ನಮ್ಮನ್ನು ಕಂಡರೆ ಆಗದ ಒಂದು ಕೆಂಚು ನಾಯಿಯೂ ಇತ್ತು. ಬೇಕಾದವಳು ಮಾತ್ರ ಇಲ್ಲ. ನನ್ನ ಹೆಗಲಲ್ಲಿ ರಕ್ತ ಪರೀಕ್ಷೆಯ ಪೆಟ್ಟಿಗೆ, ಜೊತೆಗಿದ್ದ ನಮ್ಮ ಕಾಲೇಜಿನ ಟ್ಯೂಟರ್ ಕೈಯಲ್ಲಿ ತೂಕದ ಯಂತ್ರ. ಇಬ್ಬರೂ ಬಿಸಿಲಲ್ಲಿ ನಿಂತು ನಾಯಿಯ ಬೈಗುಳ ಕೇಳಿಸಿಕೊಂಡೆವು.

“ತೌರ್ಗೋಗವ್ಳೆ ಕನವ್ವ. ಇನ್ನೇನಿದ್ರೂ ಮಗ ಎತ್ಕಂಡೇ ಬರದು” ಅಂದರು ಅತ್ತೆ, ನಮ್ಮ ಮುಖ ನೋಡಿ ಪಾಪ ಅನ್ನಿಸಿರಬೇಕು, ಮಜ್ಜಿಗೆಯನ್ನೂ ಕೊಟ್ಟರು.

ಆಗ ನಾನು ಚಾಮರಾಜನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಊರಿನಲ್ಲಿ ಸೈಬರ್ ಸೆಂಟರ್‌ಗಳು ಬಂದಿದ್ದವು. ಅಂಥದೊಂದು ಸೆಂಟರಿನ ಮರದ ಗೂಡಿನಲ್ಲಿ ಕೂತೇ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದ ಜೊತೆ ನಾವು ಅಧ್ಯಯನವೊಂದನ್ನು ಕುದುರಿಸಿದ್ದೆವು. ಚೊಚ್ಚಲ ಬಸುರಿಯರ ರಕ್ತಹೀನತೆ ವಿಷಯ. ಐದನೇ ತಿಂಗಳಲ್ಲಿ ಒಮ್ಮೆ ರಕ್ತ ನೋಡುವುದು. ಆಮೇಲೆ ನರ್ಸ್ ಮನೆಗೇ ಹೋಗಿ ಕಬ್ಬಿಣದ ಮಾತ್ರೆ ಹೇಗೆ ನುಂಗಬೇಕು, ಅದರ ಮೇಲೆ ಟೀ ಯಾಕೆ ಕುಡಿಯಬಾರದು, ಸೊಪ್ಪು ಕಾಳು ಎಷ್ಟು ತಿನ್ನಬೇಕು ಎಂದು ಕೂತು ಮಾತಾಡುವುದು. ಎಂಟನೇ ತಿಂಗಳಲ್ಲಿ ಮತ್ತೆ ರಕ್ತ ನೋಡಿ, ನರ್ಸ್ ಮಾತಾಡಿದ್ದರಿಂದ ಏನಾದರೂ ಹೆಚ್ಚಿತೇ ಎಂದು ಲೆಕ್ಕ ಹಾಕುವುದು. ಈ ಮೊದಲ ಹಂತ ನೆಟ್ಟಗೆ ನಡೆದರೆ ಎರಡನೇ ಹಂತ, ಎರಡು ತಾಲ್ಲೂಕುಗಳ ದೊಡ್ಡ ಕೆಲಸ, ನಮ್ಮದೇ. ನೆಟ್ಟಗೆ ನಡೆಯದಿದ್ದರೆ ಅದು ಬೇರೆ ದೇಶಕ್ಕೆ ಹೋಗುತ್ತದೆ ಎಂದು ಅಲ್ಲಿನ ಪ್ರೊಫೆಸರ್ ಮೊದಲೇ ಬರೆದಿದ್ದರು. ಅದುವರೆಗೆ ಬೇರೆಯವರ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದವರು ನಾವು. ನಮ್ಮದೇ ಪ್ರಶ್ನೆ ಹಿಡಿದು ಹೊರಟದ್ದು ಅದೇ ಮೊದಲು. ನನಗಂತೂ ಮದುವೆ ಮನೆಯ ಸಡಗರ.

ಅಂಗೈಯಗಲದ ಹಿಮೋಗ್ಲೋಬಿನ್ ಯಂತ್ರ ಪಾರ್ಸೆಲ್‌ನಲ್ಲಿ ಬಂದ ದಿನ ಕಾಲೇಜಿಗೆ ಕಾಲೇಜೇ ಲ್ಯಾಬಿಗೆ ನುಗ್ಗಿತ್ತು. ಅಲ್ಲಿಯತನಕ ನಾವು ಟ್ಯೂಬಿನಲ್ಲಿ ಆಸಿಡ್ ಹಾಕಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಕಣ್ಣಂದಾಜಿನಲ್ಲಿ ಹೇಳುತ್ತಿದ್ದವರು. ಇದು ಹಾಗಲ್ಲ. ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಬೇಕು, ತುದಿಗಲ್ಲ. ಮೊದಲ ಹನಿಗಳನ್ನು ಒರೆಸಿ ಬಿಡಬೇಕು. ಬೆರಳನ್ನು ಹಿಂಡಬಾರದು, ಹಿಂಡಿದರೆ ರಕ್ತದ ಜೊತೆ ನೀರು ಸೇರಿ ಲೆಕ್ಕ ಕಡಿಮೆ ಬರುತ್ತದೆ. ಪುಟ್ಟ ಪ್ಲಾಸ್ಟಿಕ್ ಪಟ್ಟಿಯನ್ನು ಹನಿಗೆ ತಾಗಿಸಿದರೆ ಅದು ಒಂದೇ ಎಳೆತಕ್ಕೆ ತುಂಬಿಕೊಳ್ಳಬೇಕು, ಒಂದು ಗುಳ್ಳೆ ಇದ್ದರೂ ಎಸೆದು ಇನ್ನೊಂದು ತೆಗೆದುಕೊಳ್ಳಬೇಕು. ಹಳ್ಳಿಗೆ ಹೋಗುವ ಮುಂಚೆ ನಾವು ಒಬ್ಬರದೊಬ್ಬರ ಬೆರಳು ಚುಚ್ಚಿ ಕಲಿತೆವು. ರಕ್ತಹೀನತೆಯ ಪಾಠ ಮಾಡುವ ನನ್ನ ರಕ್ತವೇ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಬಂದು, ವಿದ್ಯಾರ್ಥಿನಿಯರು ವಾರಗಟ್ಟಲೆ ನನ್ನ ಮೇಜಿನ ಮೇಲೆ ಕಡಲೆಮಿಠಾಯಿ ಇಟ್ಟು ನಕ್ಕರು.

ಮೊದಲ ಸುತ್ತು ಹೂವಿನ ಸರ ಎತ್ತಿದಂತೆ ಮುಗಿಯಿತು. ಎರಡನೇ ಸುತ್ತಿನಲ್ಲಿ ಎಲ್ಲ ಕೈಕೊಟ್ಟಿತು. ಹೋದ ಹೋದ ಮನೆಯಲ್ಲಿ “ಇಲ್ಲ”. ನಮ್ಮ ಟ್ಯೂಟರ್ ಗುಂಡ್ಲುಪೇಟೆಯವಳು, ತಾಯಿ ಕೇರಳದ ಬತ್ತೇರಿ ಕಡೆಯವರು, ಸಿಟ್ಟು ಬಂದರೆ ಮಲಯಾಳಕ್ಕೆ ಹಾರುತ್ತಿದ್ದಳು. ಆ ತಿಂಗಳು ನಾನು ಕೇಳಿದಷ್ಟು ಮಲಯಾಳವನ್ನು ಜನ್ಮದಲ್ಲಿ ಕೇಳಿರಲಿಲ್ಲ. ಸಂಶೋಧನೆಯಲ್ಲಿ ಎರಡನೇ ಪರೀಕ್ಷೆಗೆ ಸಿಗದವರ ಹೆಸರಿನ ಮುಂದೆ ಇಂಗ್ಲಿಷಿನ ‘ಎಲ್’ ಅಕ್ಷರ ಹಾಕುತ್ತಾರೆ. ಲಾಸ್ಟ್, ಅಂದರೆ ಕಳೆದುಹೋದವರು. ನಾವು ಕಳಿಸಿದ ಪಟ್ಟಿಯಲ್ಲಿ ‘ಎಲ್’ಗಳದ್ದೇ ಸಾಲು. ಪ್ರೊಫೆಸರ್ ಉತ್ತರ ಒಂದೇ ವಾಕ್ಯದಲ್ಲಿತ್ತು: ನಿಮ್ಮ ಹೆಂಗಸರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ?

ಅದಕ್ಕಿಂತ ದೊಡ್ಡ ಸಂಕಟ ಉಮ್ಮತ್ತೂರಿನ ಒಬ್ಬಳದ್ದು. ಮೊದಲ ಸುತ್ತಿನಲ್ಲೇ ಅವಳ ಹಿಮೋಗ್ಲೋಬಿನ್ ಏಳರ ಕೆಳಗಿತ್ತು. ಏಳರ ಕೆಳಗೆ ಅಂದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೆಚ್ಚಾಗಿ ಹೋದರೂ ಜೀವಕ್ಕೇ ಕುತ್ತು ಬರುತ್ತದೆ. ನಾವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಹೆಚ್ಚು ಮಾತ್ರೆ ಬರೆದುಕೊಟ್ಟು, ಮತ್ತೆ ಬಂದು ತೋರಿಸಿ, ಏರದಿದ್ದರೆ ರಕ್ತ ಕೊಡಬೇಕಾಗುತ್ತದೆ ಎಂದಿದ್ದರು. ಬರುವ ದಿನ ಅವಳು ಬರಲೇ ಇಲ್ಲ. ಪಟ್ಟಿಯಲ್ಲಿ ಅವಳ ಮುಂದೆಯೂ ‘ಎಲ್’ ಬರೆಯಬೇಕಾಗಿತ್ತು. ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ಅದನ್ನೂ ಬರೆದೆ.

ಅವತ್ತು ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದು ಉಮ್ಮತ್ತೂರಿಗೆ ಹೋದಾಗ ಮಧ್ಯಾಹ್ನ. ಅವಳ ಅತ್ತೆ ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ತುಂಬು ಹೊಟ್ಟೆಯ ಹುಡುಗಿಯೊಬ್ಬಳು, ಅವಳೂ ಸುಲಿಯುತ್ತಿದ್ದಳು. ಸಿಕ್ಕಳು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಮ್ಮವಳಲ್ಲ.

“ಸೊಸೆ ಎಲ್ಲಮ್ಮ?”

“ತೌರ್ಗೆ ಕಳುಸ್ಬುಟ್ಟೊ ಕನವ್ವ. ಏಳ್ರಲ್ಲೇ ಕಳುಸ್ಬೇಕಲ್ಲ, ಎಂಟ್ರಲ್ಲಿ ಕಳುಸಂಗಿಲ್ವಲ್ಲ.”

“ಮತ್ತೆ ಇವಳು?”

“ನನ್ ಮಗಳು. ಓದ್ ತಿಂಗ್ಳು ಕರ್ಕಬಂದೊ. ಸೊಸೆ ಓದ್ಲು, ಮಗಳು ಬಂದ್ಲು. ಮನೆ ಬರ್ದಾಗಲ್ಲ ಬುಡಿ.”

“ಯಾವೂರಿಗೆ ಕೊಟ್ಟಿದ್ದೀರಿ?”

“ಅರದನಳ್ಳಿಗೆ.”

ಟ್ಯೂಟರ್ ತೂಕದ ಯಂತ್ರವನ್ನು ಕೆಳಗಿಟ್ಟಳು. ಮೊದಲ ಸುತ್ತಿನಲ್ಲಿ ಹರದನಹಳ್ಳಿಗೆ ಹೋಗಿದ್ದವರು ನಮ್ಮ ವಿದ್ಯಾರ್ಥಿನಿಯರು, ನಮಗೆ ಅಲ್ಲಿಯವರ ಮುಖದ ಗುರುತಿರಲಿಲ್ಲ. ನಾನು ಹುಡುಗಿಯ ಗಂಡನ ಹೆಸರು ಕೇಳಿದೆ. ಅವಳು ಗಂಡನ ಹೆಸರು ಹೇಳುತ್ತಾಳೆಯೇ, ನಾಚಿ ಅವರೆಕಾಳಿನಲ್ಲಿ ಮುಖ ಹುದುಗಿಸಿದಳು. ತಾಯಿ ಹೇಳಿದರು. ನಾವು ಬೆಳಿಗ್ಗೆ ಮಜ್ಜಿಗೆ ಕುಡಿದ ಮನೆಯೇ.

“ಬೆಳಿಗ್ಗೆಯಿಂದ ನಿನ್ನನ್ನೇ ಹುಡುಕ್ತಾ ಇದ್ದೀವಲ್ಲೇ ತಾಯಿ” ಅಂದೆ.

ಅವಳು ಗಾಬರಿಯಿಂದ ತಲೆ ಎತ್ತಿ ಕೇಳಿದ್ದು ಒಂದೇ: “ನಮ್ ನಾಯಿ ಕಚ್ಲಿಲ್ವಾ ನಿಮ್ಗೆ?”

ನನಗೆ ನಗು ತಡೆಯಲಾಗಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ನಮ್ಮದಾಗಿತ್ತು. ಚೊಚ್ಚಲ ಬಸುರಿಯರನ್ನೇ ಆರಿಸಿಕೊಂಡು, ಅದರಲ್ಲೂ ಎಂಟನೇ ತಿಂಗಳನ್ನೇ ಗೊತ್ತುಮಾಡಿ, ಅವರನ್ನು ಗಂಡನ ಮನೆಯಲ್ಲಿ ಹುಡುಕಲು ಹೊರಟಿದ್ದೆವು. ಏಳರಲ್ಲಿ ತವರು ಸೇರಿದವಳು ಎಂಟರಲ್ಲಿ ಅಲ್ಲಿಂದ ಕದಲುವುದಿಲ್ಲ ಎನ್ನುವುದು ನಮಗೆ ತಿಳಿಯದ್ದೇ? ಯೋಜನೆ ಬರೆಯಲು ಕೂತ ನಾವೆಲ್ಲರೂ ಮೊದಲ ಹೆರಿಗೆಗೆ ತವರಿಗೆ ಹೋಗಿ ಬಂದವರೇ. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಕೂತದ್ದು ಕಂಪ್ಯೂಟರಿನ ಮುಂದೆ. ಅಲ್ಲಿ ಕೂತಾಗ ನಮ್ಮ ಬಾಣಂತನವೇ ನಮಗೆ ಮರೆತುಹೋಗಿತ್ತು. ಒಬ್ಬೊಬ್ಬರೂ ಸಿಗದಾಗ ನಮ್ಮ ಗ್ರಹಚಾರ ಎಂದುಕೊಂಡೆವೇ ಹೊರತು, ಊರಿಗೂರೇ ಸೊಸೆಯರನ್ನು ಕಳಿಸಿ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳುತ್ತಿದೆ ಎಂದು ಹೊಳೆದಿರಲಿಲ್ಲ.

ಜಗುಲಿಯ ಮೇಲೇ ಹುಡುಗಿಯ ಬೆರಳು ಒರೆಸಿ ರಕ್ತ ತೆಗೆದೆ. ಹತ್ತರ ಮೇಲಿತ್ತು. ಮಾತ್ರೆ ನುಂಗಿದ್ದಳು, ಟೀಯನ್ನೂ ಬಿಟ್ಟಿದ್ದಳು. ನನ್ನ ಖುಷಿ ನೋಡಿ ಅವಳ ತಾಯಿ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟರು. ಸೊಸೆಯ ತವರು ಹಂಗಳ ದಾಟಿ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಎಂದೂ ಹೇಳಿದರು.

ಮರುದಿನ ಬೆಳಿಗ್ಗೆಯೇ ಹೊರಟೆವು. ತೆರಕಣಾಂಬಿ ದಾಟುವಾಗಲೇ ಅರಿಶಿನ ಬೇಯಿಸುವ ವಾಸನೆ ಬಸ್ಸಿನೊಳಗೆ ಬಂತು. ಗುಂಡ್ಲುಪೇಟೆಯಲ್ಲಿ ಇಳಿದು ಜೀಪು ಹತ್ತಿದೆವು, ಆಮೇಲೆ ನಡಿಗೆ. ಬೆಟ್ಟಕ್ಕೆ ಮಂಜು ಮುಸುಕಿತ್ತು, ಗುಡಿ ಕಾಣಿಸುತ್ತಿರಲಿಲ್ಲ. “ಸಾಯಂಕಾಲದೊಳಗೆ ವಾಪಸ್ ಬರಬೇಕು ಮೇಡಂ, ಆನೆ ಇಳಿಯುತ್ತೆ” ಎಂದು ಟ್ಯೂಟರ್ ದಾರಿಯುದ್ದಕ್ಕೂ ಹೇಳಿದಳು. ನಾನು ಬಾಯಿಗೆ ಬಂದ ದೇವರಿಗೆಲ್ಲ ಹರಕೆ ಹೊರುತ್ತಾ ಅವಳ ಹಿಂದೆ ನಡೆದೆ.

ಉಮ್ಮತ್ತೂರಿನ ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಕಾಲು ಬಾತಿತ್ತು. ನಾಲಿಗೆ ತೋರಿಸು ಅಂದೆ, ಕಾಗದದ ಬಣ್ಣ. ಎದ್ದು ಎರಡು ಹೆಜ್ಜೆ ಇಟ್ಟರೆ ಏದುಸಿರು. ಮಾತ್ರೆಯ ಪೊಟ್ಟಣ ಅಟ್ಟದ ಮೇಲೆ ಹಾಗೆಯೇ ಇತ್ತು. ನುಂಗಿದರೆ ಕೂಸು ಕಪ್ಪಗಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಯಂತ್ರ ತೋರಿಸಿದ ಅಂಕಿ ಆರರ ಹತ್ತಿರ. ನನ್ನ ಕೈ ತಪ್ಪಿರಬಹುದೆಂದು ಇನ್ನೊಂದು ಕೈಯ ಬೆರಳಲ್ಲಿ ಟ್ಯೂಟರ್ ತೆಗೆದಳು. ಅದೇ ಅಂಕಿ.

“ಅವ್ವಾ, ಇವತ್ತೇ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕು. ರಕ್ತ ಹಾಕಿಸಬೇಕು” ಅಂದೆ ಅವಳ ತಾಯಿಗೆ.

“ಎಂಟ್ನೇ ತಿಂಗ್ಳು ಕನವ್ವ. ವಸ್ಲು ದಾಟ್ಸಕಿಲ್ಲ” ಅಂದರು ಆಕೆ. ದನಿಯಲ್ಲಿ ಜಗಳ ಇರಲಿಲ್ಲ. ಬಾಗಿಲು ಹಾಕಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದರು.

ನಾನು ಮೊದಲಿನಿಂದಲೂ ಮುಂಗೋಪಿ. ಮೈ ಉರಿದುಹೋಯಿತು. ಹೆರಿಗೆ ಹೊತ್ತಿನಲ್ಲಿ ಏನಾಗಬಹುದು ಎಂದು ಪಾಠದ ಧಾಟಿಯಲ್ಲಿ ಶುರುಮಾಡಿದೆ. ಟ್ಯೂಟರ್ ನನ್ನ ತೋಳು ಚಿವುಟಿದಳು. ಹುಡುಗಿಯ ಕಣ್ಣಲ್ಲಿ ನೀರು ನಿಂತಿತ್ತು, ತಾಯಿಯ ಕೈ ಅವಳ ನೆತ್ತಿಯ ಮೇಲಿತ್ತು. ಆಕೆ ಮೊಂಡುತನಕ್ಕೆ ಹೇಳುತ್ತಿಲ್ಲ, ಹೆದರಿದ್ದಾರೆ ಎಂದು ನನಗೆ ಆಗ ಕಂಡಿತು. ನನ್ನ ತಾಯಿಯೂ ನನ್ನನ್ನು ಎಂಟರಲ್ಲಿ ಅಂಗಳ ದಾಟಲು ಬಿಟ್ಟಿರಲಿಲ್ಲ. ಪಾಠ ನಿಲ್ಲಿಸಿ ನೆಲದ ಮೇಲೆ ಕೂತೆ.

“ಎಂಟರಲ್ಲಿ ತವರು ಬಿಡಿಸಿ ಕಳಿಸಬಾರದು, ಅಷ್ಟೇ ತಾನೆ?”

“ಊಂ.”

“ಕಳಿಸಬೇಡಿ. ನೀವೇ ಜೊತೇಲಿ ಬನ್ನಿ. ಅವ್ವ ಎಲ್ಲಿರ್ತಾಳೋ ಅದೇ ತವರು. ಆಸ್ಪತ್ರೇನೇ ತವರು ಮಾಡಿ. ಹೆರಿಗೆ ಆಗೋವರೆಗೂ ಅಲ್ಲೇ ಇರಿ.”

ಹುಡುಗಿ ತಾಯಿಯ ಸೆರಗು ಹಿಡಿದು, “ಓಗನ ಕವ್ವ, ನೀನಿದ್ರೆ ನಂಗೇನ್ ಭಯ” ಅಂದಳು.

ತಾಯಿ ಕೊನೆಗೆ ಕೇಳಿದ್ದು, “ಅಲ್ಲಿ ಒಲೆ ಅದಾ?”

“ಒಲೆ ಇಲ್ಲ. ಬಿಸಿನೀರು ಸಿಗುತ್ತೆ. ಅಡಿಗೆ ನಮ್ಮ ಮನೆಯಿಂದ ಬರುತ್ತೆ.”

ಆಕೆ ಎದ್ದು ಚಾಪೆ ಸುತ್ತಿದರು. ಬೆಳ್ಳುಳ್ಳಿ, ಮೆಣಸು, ಹಳೆ ಸೀರೆಗಳು, ಒಂದು ತಪ್ಪಲೆ, ದೇವರ ಕುಂಕುಮದ ಬಟ್ಟಲು ಗಂಟು ಸೇರಿದವು. ಪಕ್ಕದ ಹೊಲದಿಂದ ಅರಿಶಿನ ಸಾಗಿಸುತ್ತಿದ್ದ ಟೆಂಪೊ ಸಿಕ್ಕಿತು. ಹುಡುಗಿಯನ್ನು ಡ್ರೈವರ್ ಪಕ್ಕ ಕೂರಿಸಿ ನಾವು ಮೂವರು ಹಿಂದೆ ಮೂಟೆಗಳ ಮೇಲೆ ಕೂತೆವು. ಚಾಮರಾಜನಗರ ಸೇರುವಾಗ ನಮ್ಮ ಮೂವರ ಸೀರೆಗೂ ಒಂದೇ ಬಣ್ಣ. ಆಸ್ಪತ್ರೆಯಲ್ಲಿ ಗಂಡನೂ ಅಣ್ಣನೂ ಬಂದು ರಕ್ತ ಕೊಟ್ಟರು. ವಾರ್ಡಿನ ಮೂಲೆಯಲ್ಲಿ ಚಾಪೆ ಬಿತ್ತು, ಕಿಟಕಿಯಲ್ಲಿ ಕುಂಕುಮದ ಬಟ್ಟಲು ಕೂತಿತು. ಹುಡುಗಿಯ ಅತ್ತೆಯೂ ಉಮ್ಮತ್ತೂರಿನಿಂದ ಬಂದರು, ಬೀಗತಿಯ ಮನೆಗೆ ಬಂದವರ ಹಾಗೆ ಹೂವು ಹಣ್ಣು ಹಿಡಿದುಕೊಂಡೇ ಬಂದರು.

ಇತ್ತ ಟ್ಯೂಟರ್ ಮತ್ತು ನಾನು ಕಾಲೇಜಿನ ಹಾಲಿನ ನೆಲದ ಮೇಲೆ ಸೀಮೆಸುಣ್ಣ ಹಿಡಿದು ಕೂತೆವು. ಯಾವ ಊರಿನವರು ಯಾವ ಊರಿಗೆ ಹೆಣ್ಣು ಕೊಡುತ್ತಾರೆ, ಎಲ್ಲಿಂದ ತರುತ್ತಾರೆ ಎಂದು ಗೆರೆ ಎಳೆಯುತ್ತಾ ಹೋದೆವು. ವಿದ್ಯಾರ್ಥಿನಿಯರು ಸುತ್ತ ನಿಂತು ತಮ್ಮ ತಮ್ಮ ಅಕ್ಕ, ಅತ್ತಿಗೆಯರನ್ನು ಸೇರಿಸಿದರು. ನೋಡನೋಡುತ್ತಾ ಎರಡು ತಾಲ್ಲೂಕು ಹೆಣೆದುಕೊಂಡವು. ಕೆಲವು ಗೆರೆ ತಾಳವಾಡಿಯ ಕಡೆ ತಮಿಳುನಾಡಿನ ಗಡಿಯನ್ನೂ ದಾಟಿದವು. ಹೆಚ್ಚಿನವು ಒಂದು ಬಸ್ಸಿನ, ಬಹಳವೆಂದರೆ ಎರಡು ಬಸ್ಸಿನ ದೂರ. ಕಳೆದುಹೋದವರು ಯಾರೂ ದೂರ ಹೋಗಿರಲಿಲ್ಲ. ಆ ಸಂಜೆಯೇ ನಿರ್ಧಾರ ಮಾಡಿದೆ: ನಡುವಿನಲ್ಲೇ ಯೋಜನೆ ಬದಲಾಯಿಸಬೇಕು. ಐದನೇ ತಿಂಗಳಲ್ಲೇ “ನಿನ್ನ ಬಾಣಂತನ ಯಾರು ಮಾಡ್ತಾರೆ?” ಎಂದು ಕೇಳಿಕೊಳ್ಳಬೇಕು, ಎರಡನೇ ಪರೀಕ್ಷೆ ಆ ಬಾಣಂತನ ಮಾಡುವವರ ಮನೆಯಲ್ಲೇ ಆಗಬೇಕು.

ಪ್ರೊಫೆಸರ್‌ಗೆ ಉದ್ದದ ಮೇಲ್ ಬರೆದೆ. ಉತ್ತರ ಬಂತು: ನನಗೆ ಒಪ್ಪಿಗೆ, ನಮ್ಮ ಲೆಕ್ಕದ ತಜ್ಞರಿಗೆ ಆಗುವುದಿಲ್ಲ, ನೀವೇ ಬಂದು ಅವರ ಜೊತೆ ಗುದ್ದಾಡಿ. ವಾರ್ಷಿಕ ಸಭೆಗೆ ನಮ್ಮ ಕಡೆಯಿಂದ ಪ್ರಾಂಶುಪಾಲರು ಹೋಗುವುದೆಂದು ಗೊತ್ತಾಗಿತ್ತು. ಅವರು, “ಆ ಚಳಿಗೆ ನಾನು ಕಟ್ಟಿಗೆಯಾಗ್ತೀನಿ. ಗೆರೆ ಎಳೆದವಳು ನೀನು, ನೀನೇ ಹೋಗಮ್ಮ” ಅಂದುಬಿಟ್ಟರು. ನಾನು ವಿಮಾನ ಹತ್ತಿದೆ. ಸೀರೆಯೊಳಗೆ ಗಂಡನ ಉಣ್ಣೆ ಪ್ಯಾಂಟು, ಚೀಲದಲ್ಲಿ ನೆಲದ ನಕ್ಷೆಯನ್ನು ಎತ್ತಿ ಬರೆದ ದೊಡ್ಡ ಹಾಳೆ.

ಆ ಊರು ಕಪ್ಪು ಕಲ್ಲಿನದು, ಮಧ್ಯಾಹ್ನವೇ ಸಂಜೆಯ ಬೆಳಕು. ಅವರ ಇಂಗ್ಲಿಷ್ ಮೊದಲ ದಿನ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವರಿಗೂ. ಪ್ರೊಫೆಸರ್ ಮಾತ್ರ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಲೆಕ್ಕದ ತಜ್ಞರು ಎತ್ತರದ, ಒಣಕಲು ಮನುಷ್ಯ. ಅವರ ಹಿಂದಿನ ಬಿಳಿ ಹಲಗೆಯ ಮೇಲೆ ನಾವು ಮೊದಲು ಕಳಿಸಿದ ಪಟ್ಟಿ, ಕೆಳಗಿನತನಕ ‘ಎಲ್’ಗಳು. ಉಮ್ಮತ್ತೂರಿನವಳ ಸಾಲೂ ಅದರಲ್ಲಿತ್ತು.

ನಾನು ಹಾಳೆ ಬಿಚ್ಚಿ ಗೋಡೆಗೆ ಅಂಟಿಸಿ ಎಲ್ಲ ಹೇಳಿದೆ. ತಜ್ಞರು ಕೇಳಿಸಿಕೊಂಡು, ಸುಲಭವಾಗಿ ಸಿಕ್ಕವರೂ ಕಷ್ಟಪಟ್ಟು ಹುಡುಕಿದವರೂ ಒಂದೇ ಥರ ಇರುವುದಿಲ್ಲ ಅಂದರು. ತವರಿನಲ್ಲಿ ಊಟ ಬೇರೆ, ಕೆಲಸ ಕಡಿಮೆ; ರಕ್ತ ಏರಿದ್ದು ನಿಮ್ಮ ನರ್ಸಿನಿಂದಲೋ ತಾಯಿಯ ಸಾರಿನಿಂದಲೋ ಎಂದು ಹೇಗೆ ಹೇಳುತ್ತೀರಿ? ಸಿಟ್ಟು ಬರಬೇಕಿತ್ತು, ಬಂದದ್ದು ಹುರುಪು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಹಾಗಾದರೆ ಅದನ್ನೂ ಕೇಳೋಣ, ತವರು ಸೇರಿ ಎಷ್ಟು ದಿನವಾಯಿತು, ಅಲ್ಲಿ ಏನು ಉಂಡಳು ಎಂದು ಬರೆದುಕೊಳ್ಳೋಣ ಅಂದೆ. ತವರಿಗೆ ಹೋಗದವರನ್ನು ಬೇರೆ ಇಟ್ಟು ಲೆಕ್ಕ ಹಾಕೋಣ. ನಡುವೆ ಯೋಜನೆ ಬದಲಾಯಿಸಿದ್ದನ್ನು ಮುಚ್ಚಿಡದೆ ಬರೆಯೋಣ. ಅವರು ಪೆನ್ಸಿಲ್ ತೆಗೆದುಕೊಂಡರು. ಪೆನ್ಸಿಲ್ ಬಂತೆಂದರೆ ಅರ್ಧ ಗೆದ್ದ ಹಾಗೆ ಎಂದು ಪ್ರೊಫೆಸರ್ ನನ್ನ ಕಿವಿಯಲ್ಲಿ ಹೇಳಿದರು.

“ತಾಯಿ ಇಲ್ಲದವರು?” ಎಂದರು ತಜ್ಞರು.

“ಅಕ್ಕ ಇರುತ್ತಾಳೆ, ಚಿಕ್ಕಮ್ಮ ಇರುತ್ತಾಳೆ. ಅದಕ್ಕೇ ನಾವು ತವರು ಎಲ್ಲಿ ಎಂದು ಕೇಳುವುದಿಲ್ಲ, ಬಾಣಂತನ ಯಾರು ಮಾಡುತ್ತಾರೆ ಎಂದು ಕೇಳುತ್ತೇವೆ.”

“ಐದನೇ ತಿಂಗಳಲ್ಲಿ ಅದು ತೀರ್ಮಾನವಾಗಿರುತ್ತದೆಯೇ?”

“ಅಷ್ಟು ಹೊತ್ತಿಗೆ ಜಗಳವೂ ಮುಗಿದಿರುತ್ತದೆ.”

ಅವರು ನಕ್ಕದ್ದು ಆಗಲೇ. ಅದೇ ಹೊತ್ತಿಗೆ ಕಚೇರಿಯವರು ಬಂದು ಇಂಡಿಯಾದಿಂದ ಫೋನು ಅಂದರು. ನಾನು ಎದ್ದು ಓಡಿದೆ. ಉಮ್ಮತ್ತೂರಿನವಳಿಗೆ ಆ ವಾರವೇ ದಿನ ತುಂಬುತ್ತಿತ್ತು.

“ಮೇಡಂ, ಹೆಣ್ಣು” ಅಂದಳು ಟ್ಯೂಟರ್. ಆಮೇಲೆ ಮಲಯಾಳದಲ್ಲಿ ಏನೇನೋ ಹೇಳಿದಳು. ಖುಷಿಗೂ ಮಲಯಾಳಕ್ಕೇ ಹಾರುತ್ತಾಳೆಂದು ನನಗೆ ಅವತ್ತೇ ತಿಳಿದದ್ದು. ಮಗು ಎರಡೂವರೆ ಕಿಲೋ ಮೇಲಿತ್ತು. ತಾಯಿ ಎದ್ದು ಕೂತು ಗಂಜಿ ಕುಡಿದಿದ್ದಳು.

“ಅಜ್ಜಿ ಏನಂದ್ರು?”

“ಚಾಪೆ ಸುತ್ತಿ ಇಟ್ಟಿದಾರೆ. ಇನ್ನು ಐದು ತಿಂಗಳು ಮಗಳನ್ನ ಕಳಿಸಲ್ವಂತೆ. ‘ನಿಮ್ ಮೇಡಮ್ಮಂಗೇಳು, ಬೆರಳು ಚುಚ್ಚದಾದ್ರೆ ನಮ್ಮಟ್ಟಿಗೇ ಬಂದು ಚುಚ್ಲಿ’ ಅಂದ್ರು.”

ನಾನು ಅತ್ತುಕೊಂಡೇ ಸಭೆಗೆ ವಾಪಸ್ ಬಂದೆ, ಯಾರಿಗೆ ಏನು ಬೇಕಾದರೂ ಅನ್ನಿಸಲಿ. ವಿಷಯ ಹೇಳಿದೆ. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ತಜ್ಞರು ಹಲಗೆ ಒರೆಸುವ ಬಟ್ಟೆಯನ್ನು ನನ್ನ ಕಡೆ ಚಾಚಿದರು. ನಾನು ಉಮ್ಮತ್ತೂರಿನವಳ ಸಾಲಿನ ‘ಎಲ್’ ಒರೆಸಿ, ಅಲ್ಲಿ ನಮ್ಮ ‘ತ’ ಬರೆದೆ. ತವರು.

“ಈ ಅಕ್ಷರ ಬರೆಯುವುದು ಎಲ್ಲಿಂದ ಶುರು?” ಎಂದು ಕೇಳಿ, ತಜ್ಞರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಹಲಗೆಯ ಮೇಲಿನ ‘ಎಲ್’ಗಳನ್ನು ಒಂದೊಂದಾಗಿ ಒರೆಸುತ್ತಾ, ಪ್ರತಿಯೊಬ್ಬಳೂ ತವರಿನಲ್ಲಿದ್ದಾಳೆಯೇ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡು, ಕೆಳಗಿನತನಕ ‘ತ’ ತಿದ್ದಿದರು. ಒಂದೂ ನೆಟ್ಟಗಿರಲಿಲ್ಲ. ಮೇಷ್ಟ್ರಾಗಿ ಅಷ್ಟು ವರ್ಷ ಕಳೆದವಳು ನಾನು, ಅವತ್ತು ಒಂದನ್ನೂ ತಿದ್ದಲಿಲ್ಲ.